ಲೆಕ್ಕಕ್ಕೆ ಸಿಗದ ಸಾವುಗಳು

"ಕೋವಿಡ್ ಟೈಮಲ್ಲಿ ನಮ್ಮ ಮನೆಯವರು ಯಾರೂ ಹೋಗಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ." ನಮ್ಮ ನೆಂಟರ ಮದುವೆ, ಗೃಹಪ್ರವೇಶಗಳಲ್ಲಿ ಊಟಕ್ಕೆ ಕೂತಾಗ ಈ ಮಾತು ಈಗಲೂ ಬರುತ್ತದೆ. ಯಾರೂ ಅದನ್ನು ತಿದ್ದುವುದಿಲ್ಲ. ಕಾಗದದ ಪ್ರಕಾರ ಅದು ಸರಿಯೇ. ನಮ್ಮ ಚಿಕ್ಕಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಆದರೆ ಅವರ ಮರಣ ಪತ್ರದಲ್ಲಿರುವುದು ಕಿಡ್ನಿ ಕಾಯಿಲೆ. ಅವರಿಗೆ ಕೋವಿಡ್ ಬಂದಿರಲಿಲ್ಲ. ಹಾಗಾಗಿ ಅವರು ಆ ಲೆಕ್ಕದಲ್ಲಿ ಇಲ್ಲ. ಈ ಮಾತು ಬಂದಾಗ ಪಕ್ಕದಲ್ಲೇ ಕೂತಿರುವ ಚಿಕ್ಕಮ್ಮ ಕೂಡ "ಹೂಂ" ಅನ್ನುತ್ತಾರೆ. ಆ "ಹೂಂ" ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಒಂದು ಸಾವು ಯಾವ ಲೆಕ್ಕಕ್ಕೆ ಸೇರುತ್ತದೆ ಅಂತ ಯಾರು ತೀರ್ಮಾನ ಮಾಡುತ್ತಾರೆ? ಲೆಕ್ಕಕ್ಕೆ ಸೇರದಿದ್ದರೆ ಆ ಸಾವಿಗೆ ಏನಾಗುತ್ತದೆ?

ಇದೇ ಯೋಚನೆಯಲ್ಲಿ ಫ್ರೆಂಚ್ ಲೇಖಕ ಆಲ್ಬೇರ್ ಕಮೂನ 'ದಿ ಪ್ಲೇಗ್' ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡೆ. ಅಲ್ಜೀರಿಯಾದ ಓರಾನ್ ಅನ್ನುವ ಊರಿಗೆ ಪ್ಲೇಗ್ ಬಂದು, ಊರನ್ನೇ ಮುಚ್ಚಿಬಿಡುವ ಕಥೆ ಅದರದು. 2020ರ ಲಾಕ್‌ಡೌನ್‌ನಲ್ಲಿ ಜಗತ್ತಿನ ತುಂಬಾ ಜನ ಹುಡುಕಿ ಓದಿದ ಪುಸ್ತಕ ಅದು. ನಾನೂ ಆಗಲೇ ಓದಿದ್ದೆ. ಆಗ ಮನಸ್ಸಿಗೆ ನಾಟಿದ್ದು ಅದರ ಮೊದಲ ಭಾಗ. ಡಾಕ್ಟರ್ ರಿಯೋನ ಕಾಲಿಗೆ ತಾಗುವ ಸತ್ತ ಇಲಿ. ಈ ಕಟ್ಟಡದಲ್ಲಿ ಇಲಿಗಳೇ ಇಲ್ಲ, ಇದು ಪೋಕರಿ ಹುಡುಗರ ಕೆಲಸ ಅಂತ ಹಟ ಹಿಡಿಯುವ ಕಾವಲುಗಾರ. ಪ್ಲೇಗ್ ಅನ್ನುವ ಹೆಸರನ್ನು ಬಾಯಿಬಿಟ್ಟು ಹೇಳಲು ಹಿಂದೇಟು ಹಾಕುವ ಡಾಕ್ಟರುಗಳ ಸಭೆ. ಊರನ್ನು ಮುಚ್ಚಿ ಅನ್ನುವ ಟೆಲಿಗ್ರಾಂ. ಟಿವಿಯಲ್ಲಿ ದಿನಾ ನೋಡುತ್ತಿದ್ದುದನ್ನೇ 1947ರಲ್ಲಿ ಒಬ್ಬ ಬರೆದಿಟ್ಟಿದ್ದಾನಲ್ಲ ಅಂತ ಮೈ ಜುಂ ಅಂದಿತ್ತು. ಈ ಸಲ ನನ್ನ ಕಣ್ಣು ಬೇರೆ ಕಡೆ ಹೋಯಿತು. ಪುಸ್ತಕದ ತುಂಬಾ ಸಂಖ್ಯೆಗಳಿವೆ. ಎಣಿಸುವವರಿದ್ದಾರೆ, ಪಟ್ಟಿ ಬರೆಯುವವರಿದ್ದಾರೆ, ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಕಮೂ ಸಾವಿನ ಬಗ್ಗೆ ಎಷ್ಟು ಯೋಚಿಸಿದ್ದಾನೋ, ಸಾವನ್ನು ಎಣಿಸುವುದರ ಬಗ್ಗೆಯೂ ಅಷ್ಟೇ ಯೋಚಿಸಿದ್ದಾನೆ.

ಈ ಕಾದಂಬರಿಯ ಬಗ್ಗೆ ಮಾತು ಬಂದರೆ ಮೊದಲು ಹೇಳುವುದು, ಇದು ರೂಪಕ, ಪ್ಲೇಗ್ ಅಂದರೆ ಫ್ರಾನ್ಸನ್ನು ಆಕ್ರಮಿಸಿದ ನಾಜಿಗಳು ಅಂತ. ಅದು ನಿಜ. ಕಮೂ ಇದರ ದೊಡ್ಡ ಭಾಗ ಬರೆದದ್ದು ಯುದ್ಧದ ನಡುವೆ. ಹೆಂಡತಿ ಫ್ರಾನ್ಸೀನ್‌ಳ ಊರು ಓರಾನ್. ಅಲ್ಲಿಂದ 1942ರ ಬೇಸಿಗೆಯಲ್ಲಿ ಕ್ಷಯದ ಆರೈಕೆಗೆಂದು ಫ್ರಾನ್ಸಿನ ಬೆಟ್ಟದ ಊರೊಂದಕ್ಕೆ ಬಂದ. ಹೆಂಡತಿ ಮೊದಲೇ ವಾಪಸ್ ಹೋದಳು. ನವೆಂಬರ್‌ನಲ್ಲಿ ಮಿತ್ರಸೈನ್ಯ ಉತ್ತರ ಆಫ್ರಿಕಾದಲ್ಲಿ ಇಳಿಯಿತು, ಜರ್ಮನ್ನರು ದಕ್ಷಿಣ ಫ್ರಾನ್ಸಿಗೂ ನುಗ್ಗಿದರು, ಇವನು ಈ ಕಡೆಯೇ ಉಳಿದ. ಊರು ಮುಚ್ಚಿದಾಗ ದೂರವಾದ ಗಂಡ ಹೆಂಡಿರ ಬಗ್ಗೆ ಅವನು ಬರೆದ ಪುಟಗಳಿಗೆ ಈ ಅನುಭವದ ಬಿಸಿ ಇದೆ. 1955ರಲ್ಲಿ ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ ಆಕ್ಷೇಪ ಎತ್ತಿದಾಗ ಕಮೂ, ಇದರಲ್ಲಿರುವುದು ನಾಜಿಗಳ ವಿರುದ್ಧದ ಹೋರಾಟವೇ ಅಂತ ಉತ್ತರ ಬರೆದ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ರೂಪಕ ಅಂತ ಓದಿಬಿಟ್ಟರೆ ಸತ್ತವರೆಲ್ಲ ಸಂಕೇತಗಳಾಗುತ್ತಾರೆ. ಕಾದಂಬರಿಯ ಒಳಗೆ ರಿಯೋ ಮಾಡುವುದು ಅದಕ್ಕೆ ಉಲ್ಟಾ ಕೆಲಸ. ಒಂದೊಂದು ಮನೆಯ ಮೆಟ್ಟಿಲು ಹತ್ತುತ್ತಾನೆ. ಒಂದೊಂದು ಗಡ್ಡೆ ಕೊಯ್ಯುತ್ತಾನೆ. ಅವನಿಗೆ ಸಾವು ಯಾವತ್ತೂ ಒಬ್ಬರದೇ.

ಇಲಿಗಳ ಲೆಕ್ಕ, ಮನುಷ್ಯರ ಲೆಕ್ಕ

ಓರಾನ್‌ನಲ್ಲಿ ಮೊದಲು ಲೆಕ್ಕ ಸಿಗುವುದು ಇಲಿಗಳಿಗೆ. ಏಪ್ರಿಲ್ 25ರಂದು ಒಂದೇ ದಿನ 6,231 ಇಲಿಗಳನ್ನು ಒಟ್ಟುಮಾಡಿ ಸುಟ್ಟರು ಅಂತ ರೇಡಿಯೋ ಹೇಳುತ್ತದೆ. ಊರು ಬೆಚ್ಚಿಬೀಳುತ್ತದೆ. ಪತ್ರಿಕೆಗಳು ದಿನಾ ಬರೆಯುತ್ತವೆ. ಆಮೇಲೆ ಇಲಿ ಬೀಳುವುದು ನಿಂತು ಮನುಷ್ಯರು ಬೀಳಲು ಶುರುವಾಗುತ್ತಾರೆ. ಪತ್ರಿಕೆಗಳು ಸುಮ್ಮನಾಗುತ್ತವೆ. ಕಮೂ ಕೊಡುವ ಕಾರಣ ಒಂದೇ ಸಾಲಿನದು: ಇಲಿಗಳು ಸಾಯುವುದು ಬೀದಿಯಲ್ಲಿ, ಮನುಷ್ಯರು ಸಾಯುವುದು ತಮ್ಮ ತಮ್ಮ ಕೋಣೆಗಳಲ್ಲಿ. ಮೊದಲ ಸಲ ಓದಿದಾಗ ಈ ಜಾಗವನ್ನು ನಾನು ಗಮನಿಸಿರಲೇ ಇಲ್ಲ. ಈಗ ಮುಂದಕ್ಕೆ ಹೋಗಲಾಗಲಿಲ್ಲ, ಪುಸ್ತಕ ಕೆಳಗಿಟ್ಟೆ.

ನಮ್ಮ ಅಜ್ಜಿಯ ತಲೆಮಾರಿನವರಿಗೆ "ಇಲಿ ಬಿತ್ತು" ಅನ್ನುವ ಎರಡು ಮಾತು ಸಾಕಿತ್ತು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ಇಲಿಗೂ ಪ್ಲೇಗಿಗೂ ಏನು ಸಂಬಂಧ ಅಂತ ಪುಸ್ತಕಗಳು ಹೇಳುವ ಮೊದಲೇ ಜನಕ್ಕೆ ಇದು ಗೊತ್ತಿತ್ತು. ವಿಜ್ಞಾನಿ ಯೆರ್ಸಾಂ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ರೋಗಾಣು ಕಂಡುಹಿಡಿದದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆ ಅಂತ ಪಾಲ್ ಲೂಯಿ ಸಿಮೊಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಆ ದಿನಗಳಲ್ಲಿ ಮನೆ ತಪಾಸಣೆಗೆ, ರೋಗಿಗಳನ್ನು ಎಳೆದುಕೊಂಡು ಹೋಗುವ ಕ್ಯಾಂಪುಗಳಿಗೆ ಹೆದರಿ ಜನ ಕಾಯಿಲೆ ಬಿದ್ದವರನ್ನು ಬಚ್ಚಿಡುತ್ತಿದ್ದರು, ಸಾವನ್ನೂ ಮುಚ್ಚಿಡುತ್ತಿದ್ದರು. ಹಾಗಾಗಿ ಸರ್ಕಾರದ ಪುಸ್ತಕದಲ್ಲಿದ್ದ ಲೆಕ್ಕ ಆವತ್ತೂ ಪೂರ್ತಿ ಲೆಕ್ಕವಾಗಿರಲಿಲ್ಲ. ಇವತ್ತಿಗೂ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪ್ಲೇಗಮ್ಮನ ಗುಡಿಗಳಿವೆ. ಪುಸ್ತಕಕ್ಕೆ ಸಿಗದ ಎಷ್ಟೋ ಸಾವು ಆ ಗುಡಿಗಳ ಮುಂದೆ ಹರಕೆಯಾಗಿ ಬಂದಿರಬೇಕು.

ಮತ್ತೆ ಓರಾನ್‌ಗೆ ಬರೋಣ. ಪ್ಲೇಗಿನ ಮೂರನೇ ವಾರ 302 ಸಾವು ಅಂತ ಪ್ರಕಟಣೆ ಬರುತ್ತದೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಮಾಮೂಲಿ ದಿನಗಳಲ್ಲಿ ಊರಿನಲ್ಲಿ ವಾರಕ್ಕೆ ಎಷ್ಟು ಜನ ಸಾಯುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ 302 ಜಾಸ್ತಿಯೋ ಕಮ್ಮಿಯೋ ಅಂತ ಹೇಳುವವರಿಲ್ಲ. ಸ್ವಲ್ಪ ದಿನ ಆದಮೇಲೆ ವಾರದ ಲೆಕ್ಕ ಬಿಟ್ಟು ದಿನದ ಲೆಕ್ಕ ಕೊಡಲು ಶುರುಮಾಡುತ್ತಾರೆ. 92, 107, ಹೀಗೆ. ತಾರೂ ಅನ್ನುವ ಪಾತ್ರ ತನ್ನ ನೋಟ್‌ಬುಕ್‌ನಲ್ಲಿ ಇದನ್ನು ಬರೆದುಕೊಳ್ಳುತ್ತಾನೆ. ಕೇಳುವ ಕಿವಿಗೆ ವಾರದ 910ಕ್ಕಿಂತ ದಿನದ 130 ಸಣ್ಣ ಸಂಖ್ಯೆ, ಹಾಗೆ ಹೇಳಿದರೆ ಪ್ಲೇಗಿನ ಮೇಲೆ ಒಂದು ಪಾಯಿಂಟ್ ಗೆದ್ದಂತೆ ಅವರಿಗೆ ಅನ್ನಿಸುತ್ತದೆ ಅಂತ. 2021ರಲ್ಲಿ ಪ್ರತಿ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್‌ಗೆ ಕಾದವರಿಗೆಲ್ಲ ಈ ಸಾಲು ತಟ್ಟನೆ ಅರ್ಥವಾಗುತ್ತದೆ. ಇಂದು ಎಷ್ಟು, ನಿನ್ನೆಗಿಂತ ಎಷ್ಟು ಕಮ್ಮಿ. ಒಂದು ವಾರದಲ್ಲೇ ನಾವು ಸಾವನ್ನು ಹೀಗೆ ಓದಲು ಕಲಿತುಬಿಟ್ಟಿದ್ದೆವು.

ರಿಯೋ ಒಂದು ಕಡೆ ಹಳೆಯ ಕಾನ್‌ಸ್ಟಾಂಟಿನೋಪಲ್‌ನ ಪ್ಲೇಗ್ ನೆನೆಯುತ್ತಾನೆ. ಒಂದೇ ದಿನ ಹತ್ತು ಸಾವಿರ ಜನ ಸತ್ತರು ಅಂತ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಹತ್ತು ಸಾವಿರ ಅಂದರೆ ಎಷ್ಟು? ಐದು ದೊಡ್ಡ ಸಿನಿಮಾ ಟಾಕೀಸು ಬಿಟ್ಟಾಗ ಹೊರಬರುವ ಜನರನ್ನೆಲ್ಲ ಊರ ಚೌಕಕ್ಕೆ ಕರೆದೊಯ್ದು, ಅಲ್ಲೇ ರಾಶಿಯಾಗಿ ಸಾಯಿಸಿದರೆ ಆಗ ಸ್ವಲ್ಪ ಕಾಣಬಹುದು ಅಂತ ಯೋಚಿಸುತ್ತಾನೆ. ಆ ರಾಶಿಯಲ್ಲಿ ಒಂದೆರಡು ಗುರುತಿನ ಮುಖಗಳಾದರೂ ಇರಬೇಕು. ಓದಲು ಕಷ್ಟವಾಗುವ ಪುಟ ಇದು. ಆದರೆ ಅದರಲ್ಲಿ ಕ್ರೌರ್ಯ ಇಲ್ಲ. ಸಂಖ್ಯೆಯ ಹಿಂದೆ ಮುಖ ಕಾಣಬೇಕು ಅಂತ ಒಬ್ಬ ಡಾಕ್ಟರು ತನ್ನ ಮನಸ್ಸನ್ನು ಬಲವಂತವಾಗಿ ಎಳೆಯುವುದು ಇದೆ.

62 ಫ್ರಾಂಕ್ 30 ಸಾಂತೀಮಿನ ಗುಮಾಸ್ತ

ಈ ಸಂಖ್ಯೆಗಳು ಎಲ್ಲಿಂದ ಬರುತ್ತವೆ? ಜೋಸೆಫ್ ಗ್ರಾಂಡ್‌ನಿಂದ. ಮುನಿಸಿಪಾಲಿಟಿಯ ಗುಮಾಸ್ತ. ಐವತ್ತರ ಆಸುಪಾಸು, ಉದ್ದಕ್ಕೆ ಬಾಗಿದ ಮೈ, ಅಳತೆಗೆ ಸೇರದ ದೊಗಳೆ ಬಟ್ಟೆ. ದಿನಗೂಲಿ 62 ಫ್ರಾಂಕ್ 30 ಸಾಂತೀಮ್. ಮುಂದೆ ಬಡ್ತಿ ಕೊಡುತ್ತೇವೆ ಅಂತ ಇಪ್ಪತ್ತೆರಡು ವರ್ಷದ ಹಿಂದೆ ಹೇಳಿದ್ದರು. ಆ ಬಡ್ತಿ ಕೇಳಿ ಒಂದು ಅರ್ಜಿ ಬರೆಯಲೂ ಅವನ ಕೈಯಲ್ಲಿ ಆಗಿಲ್ಲ, ಸರಿಯಾದ ಮಾತು ಸಿಗುವುದಿಲ್ಲ. ಹೆಂಡತಿ ಜಾನ್ ಬಿಟ್ಟುಹೋಗಿ ಎಷ್ಟೋ ಕಾಲವಾಗಿದೆ. ಸಂಜೆ ಮನೆಗೆ ಬಂದು ಅವನು ಒಂದು ಕಾದಂಬರಿ ಬರೆಯುತ್ತಾನೆ. ಮೇ ತಿಂಗಳ ಬೆಳಿಗ್ಗೆ, ಕುದುರೆಯ ಮೇಲೆ ಹೊರಟ ಒಬ್ಬ ಚೆಲುವೆ, ಹೂ ಬಿಟ್ಟ ಸಾಲುಮರದ ದಾರಿ. ಅಷ್ಟೇ. ಮೊದಲ ವಾಕ್ಯದಿಂದ ಮುಂದಕ್ಕೆ ಹೋಗೇ ಇಲ್ಲ. ಅದೇ ವಾಕ್ಯವನ್ನು ತಿದ್ದಿ ತಿದ್ದಿ ಐವತ್ತು ಪುಟ ಮಾಡಿದ್ದಾನೆ.

ಹುಟ್ಟು, ಮದುವೆ, ಸಾವು ಬರೆದುಕೊಳ್ಳುವ ವಿಭಾಗದಲ್ಲಿ ಅವನ ಕೆಲಸ. ಶುರುವಿನಲ್ಲೇ ಅವನು ಒಂದು ಹಾಳೆ ಹಿಡಿದು ರಿಯೋನ ಮುಂದೆ ನಿಲ್ಲುತ್ತಾನೆ. ಸಂಖ್ಯೆ ಏರುತ್ತಿದೆ ಡಾಕ್ಟರೇ, 48 ಗಂಟೆಯಲ್ಲಿ 11 ಸಾವು. ದೊಡ್ಡ ಡಾಕ್ಟರುಗಳು ಇದಕ್ಕೆ ಏನು ಹೆಸರಿಡಬೇಕು ಅಂತ ವಾದ ಮಾಡುತ್ತಿರುವಾಗ ಈ ಬಡ ಗುಮಾಸ್ತ ಸುಮ್ನೆ ಎಣಿಸಿಕೊಂಡು ಬಂದಿದ್ದಾನೆ. ಆಮೇಲೆ ತಾರೂ ಸ್ವಯಂಸೇವಕರ ತಂಡ ಕಟ್ಟಿದಾಗ ಆಫೀಸಿನ ಕೆಲಸ ಮುಗಿಸಿ ಬಂದು ಸಂಜೆ ಅಲ್ಲಿಯ ಲೆಕ್ಕ ಪತ್ರವನ್ನೂ ನೋಡಿಕೊಳ್ಳುತ್ತಾನೆ. ಈ ಕಥೆಗೆ ಒಬ್ಬ ನಾಯಕ ಬೇಕೇ ಬೇಕು ಅಂದರೆ ಇವನೇ ಇರಲಿ ಅಂತ ಕಮೂ ಹೇಳುತ್ತಾನೆ. ಮನಸ್ಸಿನಲ್ಲಿ ಸ್ವಲ್ಪ ಒಳ್ಳೆಯತನ, ನೋಡುವವರಿಗೆ ನಗು ತರಿಸುವ ಒಂದು ಆಸೆ, ಇಷ್ಟು ಬಿಟ್ಟರೆ ಅವನ ಹತ್ತಿರ ಏನೂ ಇಲ್ಲ. ಕಮೂ ಇದನ್ನು ಮನಸಾರೆ ಹೇಳಿದ್ದಾನೆ ಅಂತ ನನಗೆ ಖಾತ್ರಿಯಾದದ್ದು ಈ ಸಲದ ಓದಿನಲ್ಲಿ. ಒಂದೇ ವಾಕ್ಯವನ್ನು ಅಷ್ಟು ಕಾಲ ತಿದ್ದುವವನು ಒಂದು ಸಾವನ್ನೂ ಅಡ್ಡಾದಿಡ್ಡಿ ಬರೆಯುವುದಿಲ್ಲ, ಅಲ್ವಾ? ಎರಡು ಕೆಲಸಕ್ಕೂ ಬೇಕಾದ ಶ್ರದ್ಧೆ ಒಂದೇ.

ಹೆಣ ಹೂಳುವ ಅಧ್ಯಾಯ ಓದಿದವರಿಗೆ ಈ ಶ್ರದ್ಧೆಯ ಬೆಲೆ ಗೊತ್ತಾಗುತ್ತದೆ. ಮೊದಲು ಪೆಟ್ಟಿಗೆ, ಸಣ್ಣ ಪ್ರಾರ್ಥನೆ, ಮನೆಯವರ ಸಹಿ. ಪೆಟ್ಟಿಗೆ ಸಾಲದೆ ಬಂದಾಗ ಗಂಡಸರಿಗೊಂದು ಗುಂಡಿ, ಹೆಂಗಸರಿಗೊಂದು ಗುಂಡಿ. ಅದೂ ಸಾಲದೆ ಬಂದಾಗ ಎಲ್ಲರೂ ಒಟ್ಟಿಗೆ. ಕೊನೆಗೆ ಊರಾಚೆ ಸುಡುವ ಒಲೆ. ಸಮುದ್ರದ ದಂಡೆಯ ಮೇಲೆ ರಾತ್ರಿ ಹೊತ್ತು ಪ್ರಯಾಣಿಕರಿಲ್ಲದ ಟ್ರಾಮ್‌ಗಳಲ್ಲಿ ಹೆಣ ಸಾಗಿಸುತ್ತಾರೆ. ಜನ ಕತ್ತಲಲ್ಲಿ ಬಂಡೆಗಳ ಹತ್ತಿರ ಕಾದು ನಿಂತು ಆ ಟ್ರಾಮ್‌ಗಳೊಳಗೆ ಹೂ ಎಸೆಯುತ್ತಾರೆ. ಇಷ್ಟೆಲ್ಲ ಕಳೆದುಕೊಂಡರೂ ಒಂದು ಮಾತ್ರ ಉಳಿಯುತ್ತದೆ, ರಿಜಿಸ್ಟರ್. ಮನುಷ್ಯರಿಗೂ ನಾಯಿಗಳಿಗೂ ಇರುವ ವ್ಯತ್ಯಾಸ ಇದೇ, ಲೆಕ್ಕ ತಾಳೆ ನೋಡಲು ಸಾಧ್ಯ ಅನ್ನುವ ಅರ್ಥದ ಮಾತು ಅಲ್ಲಿದೆ. ಅದನ್ನು ಓದಿ ಕಹಿ ಮಾತು ಅಂದುಕೊಳ್ಳಬಹುದು. ನನಗೆ ಅದು ನೇರವಾಗಿ ನಿಜ ಅನ್ನಿಸುತ್ತದೆ. ಮುಖ ನೋಡಲು ಬಿಡಲಿಲ್ಲ, ಹೆಗಲು ಕೊಡಲು ಬಿಡಲಿಲ್ಲ, ಮಂತ್ರ ಇಲ್ಲ, ಹೂವಿಲ್ಲ. ಹೆಸರು ಬರೆಯುವುದೂ ತಪ್ಪಿಹೋದರೆ ಆಮೇಲೆ ಏನು ಉಳಿಯಿತು?

ಕೋಣೆಯಲ್ಲಿ ಸತ್ತವರು

ಚಿಕ್ಕಪ್ಪ ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಕಿಡ್ನಿ ಕೈಕೊಟ್ಟಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದರು. ಬರುವಾಗ ದಾರಿಯಲ್ಲಿ ಚಿಕ್ಕಮ್ಮನಿಗೆ ಕನಕಾಂಬರ ತರುತ್ತಿದ್ದರು. ಡಯಾಲಿಸಿಸ್ ದಿನ ಅನ್ನುವುದು ಅವರ ಮನೆಯಲ್ಲಿ ಸಂತೆ ದಿನದ ಹಾಗೆ ಮಾಮೂಲಾಗಿಹೋಗಿತ್ತು. 2021ರ ಏಪ್ರಿಲ್ ಕೊನೆಗೆ ಕರ್ಫ್ಯೂ ಬಂತು, ಬಸ್ಸು ನಿಂತಿತು. ಕಾರು ಗೊತ್ತುಮಾಡಿದರು. ಅಲ್ಲಿ ಹೋದರೆ ಆರ್‌ಟಿಪಿಸಿಆರ್ ರಿಪೋರ್ಟ್ ಇಲ್ಲದೆ ಒಳಗೆ ಬಿಡುವ ಹಾಗಿಲ್ಲ ಅಂದರು. ಸ್ಯಾಂಪಲ್ ಕೊಟ್ಟರು, ರಿಪೋರ್ಟ್ ಬೇಗ ಬರಲಿಲ್ಲ. ಬರುವಷ್ಟರಲ್ಲಿ ಅದು ಹಳೆಯದಾಗಿತ್ತು, ಹೊಸದು ತನ್ನಿ ಅಂದರು. ಬೇರೆ ಕಡೆ ಫೋನ್ ಮಾಡಿದರೆ ಆ ವಾರ್ಡೇ ಕೋವಿಡ್‌ಗೆ ಹೋಗಿತ್ತು. ಇದನ್ನು ಬರೆಯುವಾಗ ನನಗೆ ಯಾರ ಮೇಲೂ ಬೆರಳು ತೋರಿಸುವ ಮನಸ್ಸಿಲ್ಲ. ಆ ನರ್ಸುಗಳು ಊಟ ನಿದ್ದೆ ಬಿಟ್ಟು ದುಡಿದರು. ಅವರ ಧ್ವನಿ ಫೋನಿನಲ್ಲಿ ಒಡೆದುಹೋಗಿತ್ತು.

ಕೊನೆಯ ಸಲ ಅವರ ಹತ್ತಿರ ಮಾತಾಡಿದ್ದು ವಿಡಿಯೋ ಕಾಲ್‌ನಲ್ಲಿ. ಮುಖ ಊದಿಕೊಂಡಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ನಡುಮನೆಯ ಕುರ್ಚಿಯಲ್ಲೇ ಕೂತಿದ್ದರು. ಟಿವಿಯಲ್ಲಿ ಆವತ್ತಿನ ಬುಲೆಟಿನ್ ಓಡುತ್ತಿತ್ತು, ಬೆಂಗಳೂರು ಎಷ್ಟು, ಮೈಸೂರು ಎಷ್ಟು, ಹಾಸನ ಎಷ್ಟು. ಚಿಕ್ಕಪ್ಪ ಸ್ಕ್ರೀನ್ ಕಡೆ ತಿರುಗಿ, "ನಮ್ ಜಿಲ್ಲೇಲಿ ಇವತ್ತು ಕಮ್ಮಿ ಆಯ್ತು ನೋಡು" ಅಂದರು. ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ನಾಳೆ ಡಯಾಲಿಸಿಸ್‌ಗೆ ಕರೆಯಬಹುದು ಅಂತ ಚಿಕ್ಕಮ್ಮನಿಗೆ ಧೈರ್ಯ ಹೇಳಿದರು. ಮಾರನೆಯ ಬೆಳಗಿನ ಜಾವ ತೀರಿಕೊಂಡರು.

ಆ ವರ್ಷದ ಕೊನೆಗೆ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಬಂದಾಗ ಯಾರೋ ಚಿಕ್ಕಮ್ಮನಿಗೆ ಅರ್ಜಿ ಹಾಕಿ ಅಂದರು. ಅವರು ಹಾಕಲಿಲ್ಲ. "ಅವರಿಗೆ ಬಂದಿರಲಿಲ್ವಲ್ಲ, ಸುಳ್ಳು ಹೇಳಬಾರದು" ಅಂದರು. ಚಿಕ್ಕಮ್ಮ ಹೇಳಿದ್ದು ಸರಿ. ಆದರೆ ಅದು ಪೂರ್ತಿ ನಿಜವೂ ಅಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂದಾಜು ಕೊಟ್ಟಿತು. 2020 ಮತ್ತು 2021, ಈ ಎರಡು ವರ್ಷದಲ್ಲಿ ಭಾರತದಲ್ಲಿ ಮಾಮೂಲಿಗಿಂತ ಸುಮಾರು 47 ಲಕ್ಷ ಜನ ಜಾಸ್ತಿ ಸತ್ತಿದ್ದಾರೆ ಅಂತ. ಅಷ್ಟು ಹೊತ್ತಿಗೆ ಸರ್ಕಾರದ ಕೋವಿಡ್ ಲೆಕ್ಕದಲ್ಲಿ ಆ ಎರಡು ವರ್ಷಕ್ಕೆ ಇದ್ದದ್ದು 5 ಲಕ್ಷದೊಳಗೆ. ಲೆಕ್ಕ ಹಾಕಿದ ರೀತಿಯನ್ನೇ ಒಪ್ಪುವುದಿಲ್ಲ ಅಂತ ಸರ್ಕಾರ ಹೇಳಿತು. ಆ ಜಗಳ ಇಲ್ಲಿ ಬೇಡ. ಆದರೆ ಆ ಅಂದಾಜಿನಲ್ಲಿ ನನಗೆ ಒಂದು ಬಾಗಿಲು ಕಂಡಿತು. ಅದು ಏನು ಕಾಯಿಲೆ ಅಂತ ಕೇಳುವುದಿಲ್ಲ. ಈ ಪಿಡುಗು ಬರದೇ ಇದ್ದಿದ್ದರೆ ಇವರು ಇರುತ್ತಿದ್ದರಾ ಅಂತ ಮಾತ್ರ ಕೇಳುತ್ತದೆ. ಆ ಪ್ರಶ್ನೆ ಹಾಕಿದರೆ ಚಿಕ್ಕಪ್ಪ ಲೆಕ್ಕದೊಳಗೆ ಬರುತ್ತಾರೆ.

ಪಟ್ಟಿಯ ಹೊರಗೆ

ಈ ಪ್ರಶ್ನೆ ಇಟ್ಟುಕೊಂಡು ಕಾದಂಬರಿಯ ಕೊನೆಯ ಭಾಗ ಓದಿದರೆ ಅದು ಬೇರೆಯೇ ಪುಸ್ತಕದಂತೆ ಕಾಣುತ್ತದೆ. ಜನ ಆ ಭಾಗದ ಬಗ್ಗೆ ಮಾತಾಡುವುದು ಕಮ್ಮಿ. ಚಳಿಗಾಲದಲ್ಲಿ ಪ್ಲೇಗ್ ಇಳಿಯುತ್ತದೆ. ಬೆಕ್ಕುಗಳು ಬೀದಿಗೆ ಮರಳುತ್ತವೆ. ಫೆಬ್ರವರಿಯ ಒಂದು ಬೆಳಿಗ್ಗೆ ಊರಿನ ಬಾಗಿಲು ತೆರೆಯುತ್ತದೆ, ರೈಲು ಬರುತ್ತದೆ, ಜನ ತಬ್ಬಿಕೊಳ್ಳುತ್ತಾರೆ, ಬೀದಿಯಲ್ಲಿ ಕುಣಿಯುತ್ತಾರೆ. ಆ ಕುಣಿತಕ್ಕೆ ಸ್ವಲ್ಪ ಮೊದಲು, ಊರೆಲ್ಲ ಇನ್ನೇನು ಗೆದ್ದೆವು ಅನ್ನುವಾಗ, ತಾರೂ ಸಾಯುತ್ತಾನೆ. ಊರಿಗಾಗಿ ತಂಡ ಕಟ್ಟಿದವನು ಅವನೇ. ಆಸ್ಪತ್ರೆಗೆ ಹೋಗುವುದಿಲ್ಲ, ರಿಯೋನ ಮನೆಯಲ್ಲೇ, ರಿಯೋನ ತಾಯಿಯ ಕಣ್ಣೆದುರಿಗೆ ಹೋಗುತ್ತಾನೆ. ಮಾರನೆಯ ಬೆಳಿಗ್ಗೆ ರಿಯೋಗೆ ಒಂದು ಟೆಲಿಗ್ರಾಂ. ದೂರದ ಬೆಟ್ಟದ ಆಸ್ಪತ್ರೆಯಲ್ಲಿದ್ದ ಅವನ ಹೆಂಡತಿ ಒಂದು ವಾರದ ಹಿಂದೆಯೇ ತೀರಿಕೊಂಡಿದ್ದಾಳೆ.

ರಿಯೋನ ಹೆಂಡತಿ ಇಡೀ ಕಾದಂಬರಿಯಲ್ಲಿ ಕಾಣಿಸುವುದು ಕೆಲವೇ ಪುಟ. ಇಲಿಗಳು ಬೀಳತೊಡಗಿದ ಮಾರನೆಯ ದಿನವೇ ರೈಲು ಹತ್ತಿ ಹೋಗುತ್ತಾಳೆ. ನೀನು ವಾಪಸ್ ಬಂದಮೇಲೆ ಎಲ್ಲ ಸರಿಯಾಗುತ್ತದೆ, ಮತ್ತೆ ಶುರುಮಾಡೋಣ ಅಂತ ಪ್ಲಾಟ್‌ಫಾರ್ಮಿನಲ್ಲಿ ರಿಯೋ ಹೇಳಿರುತ್ತಾನೆ. ಆಮೇಲೆ ಊರು ಮುಚ್ಚಿತು. ಸೋಂಕು ಹರಡುತ್ತದೆ ಅಂತ ಪತ್ರ ಹಾಕುವುದನ್ನೂ ನಿಲ್ಲಿಸಿದರು. ಉಳಿದದ್ದು ಹತ್ತು ಪದದ ಟೆಲಿಗ್ರಾಂ. ಅವಳಿಗೆ ಪ್ಲೇಗ್ ಬರಲಿಲ್ಲ. ಅವಳು ಓರಾನ್‌ನಲ್ಲಿ ಸಾಯಲೂ ಇಲ್ಲ. ಗ್ರಾಂಡ್‌ನ ಹಾಳೆಯಲ್ಲಿ ಅವಳಿಗೆ ಜಾಗವೇ ಇಲ್ಲ. ಆದರೆ ರಿಯೋ ಸಾವಿರಾರು ಜನರ ಹಾಸಿಗೆಯ ಪಕ್ಕ ನಿಂತ, ಇವಳೊಬ್ಬಳ ಪಕ್ಕ ನಿಲ್ಲಲಾಗಲಿಲ್ಲ. ಕಮೂ ಇದನ್ನು ಎಷ್ಟು ಸಣ್ಣದಾಗಿ ಹೇಳುತ್ತಾನೆ ಅಂದರೆ ಓಡಿಸಿಕೊಂಡು ಓದಿದರೆ ದಾಟಿಹೋಗುತ್ತದೆ. ಅವನಿಗೆ ಇದು ಮುಖ್ಯವಾಗಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬೇಡವಾಗಿದ್ದರೆ ಅವಳನ್ನು ರೈಲಿನಲ್ಲಿ ವಾಪಸ್ ಕರೆಸುವುದು ಕಾದಂಬರಿಕಾರನಿಗೆ ಏನು ಕಷ್ಟ?

ಪಾದ್ರಿ ಪಾನಲೂನನ್ನೂ ಇಲ್ಲೇ ನೆನೆಯಬೇಕು. ಮೊದಲ ಉಪದೇಶದಲ್ಲಿ ಇದು ನಿಮ್ಮ ಪಾಪಕ್ಕೆ ಸಿಕ್ಕ ಶಿಕ್ಷೆ ಅಂತ ಗುಡುಗಿದವನು, ಒಂದು ಮಗು ನರಳಿ ಸಾಯುವುದನ್ನು ಕಣ್ಣಾರೆ ಕಂಡಮೇಲೆ ಎರಡನೇ ಉಪದೇಶದಲ್ಲಿ "ನೀವು" ಬಿಟ್ಟು "ನಾವು" ಅನ್ನುತ್ತಾನೆ. ಸ್ವಲ್ಪ ದಿನಕ್ಕೆ ಅವನೂ ಮಲಗುತ್ತಾನೆ. ಪ್ಲೇಗಿನ ಗುರುತುಗಳು ಅವನ ಮೈಮೇಲೆ ಸರಿಯಾಗಿ ಕಾಣುವುದಿಲ್ಲ. ಸತ್ತಮೇಲೆ ಅವನ ಕಾರ್ಡಿನಲ್ಲಿ ಬರೆಯುವುದು "ಅನುಮಾನದ ಕೇಸು" ಅಂತ. ಈ ಒಂದು ಸಾಲಿನ ಬಗ್ಗೆ ಪಂಡಿತರು ಬಹಳ ಬರೆದಿದ್ದಾರೆ, ಅವನ ನಂಬಿಕೆಯೇ ಅನುಮಾನದ್ದಾಗಿತ್ತು ಅಂತೆಲ್ಲ. ನನಗೆ ಅದರಲ್ಲಿ ಕಾಣುವುದು ಮೊದಲಿಗೆ ಒಂದು ಕಾಲಂ. ಈ ಕಾಲಂಗೂ ಸೇರದ, ಆ ಕಾಲಂಗೂ ಸೇರದ ಮನುಷ್ಯನನ್ನು ಬರೆದುಕೊಳ್ಳಲು ಯಾರೋ ಮಾಡಿಟ್ಟ ಮೂರನೇ ಕಾಲಂ.

ಕೊನೆಯಲ್ಲಿ ತಿಳಿಯುತ್ತದೆ, ಇಷ್ಟು ಹೊತ್ತು ಕಥೆ ಹೇಳಿದವನು ರಿಯೋನೇ ಅಂತ. ಸುಮ್ಮನಿರುವವರ ಜೊತೆ ಸೇರಬಾರದು, ಈ ಜನರಿಗಾದ ಅನ್ಯಾಯದ ನೆನಪಾದರೂ ಉಳಿಯಬೇಕು ಅಂತ ಬರೆಯಲು ಕೂತೆ ಅನ್ನುತ್ತಾನೆ. ಅಂದರೆ ಸರ್ಕಾರದ ಲೆಕ್ಕದ ಪಕ್ಕದಲ್ಲಿ ಅವನು ಇನ್ನೊಂದು ಲೆಕ್ಕ ಇಟ್ಟಿದ್ದಾನೆ. ತಾರೂ, ಹೆಂಡತಿ, ಪಾನಲೂ ಮೂವರೂ ಅದರಲ್ಲಿದ್ದಾರೆ.

ಕಾಣದ ಅರಬರು

ಆದರೆ ರಿಯೋನ ಲೆಕ್ಕವೂ ಪೂರ್ತಿ ಅಲ್ಲ. ಇದನ್ನು ಹೇಳದೆ ಈ ಪುಸ್ತಕವನ್ನು ಹೊಗಳಲು ನನಗೆ ಆಗುವುದಿಲ್ಲ. ಓರಾನ್ ಇರುವುದು ಅಲ್ಜೀರಿಯಾದಲ್ಲಿ. ಆ ಕಾಲಕ್ಕೆ ಆ ಊರಿನಲ್ಲಿ ಯುರೋಪಿಯನ್ನರೇ ಹೆಚ್ಚಿದ್ದರು, ನಿಜ. ಆದರೂ ಅರಬರು ಅಲ್ಲಿ ಸಾವಿರಗಟ್ಟಲೆ ಇದ್ದರು. ಕಾದಂಬರಿಯಲ್ಲಿ ಹೆಸರಿರುವ ಒಬ್ಬ ಅರಬ್ ಪಾತ್ರವೂ ಇಲ್ಲ. ರಿಯೋ ಯಾವ ಅರಬರ ಮನೆಯ ಮೆಟ್ಟಿಲನ್ನೂ ನಮ್ಮ ಕಣ್ಣೆದುರಿಗೆ ಹತ್ತುವುದಿಲ್ಲ. ಐರಿಷ್ ಲೇಖಕ ಕಾನರ್ ಕ್ರೂಸ್ ಓಬ್ರಿಯೆನ್ 1970ರಲ್ಲೇ ಇದನ್ನು ಎತ್ತಿ ತೋರಿಸಿದ್ದ.

ಕಮೂಗೆ ಅವರ ಬದುಕು ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 1939ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅವನು ಅಲ್ಜೀರಿಯಾದ ಕಬಿಲಿಯಾ ಬೆಟ್ಟಗಳಲ್ಲಿ ಓಡಾಡಿ ಅಲ್ಲಿನ ಹಸಿವಿನ ಬಗ್ಗೆ ಪತ್ರಿಕೆಗೆ ಸರಣಿ ಲೇಖನ ಬರೆದ. ತಿಪ್ಪೆಯ ಡಬ್ಬಿಗಾಗಿ ನಾಯಿಗಳ ಜೊತೆ ಕಿತ್ತಾಡುವ ಮಕ್ಕಳನ್ನು ನೋಡಿ ಬರೆದ. ಕೂಲಿ ಎಷ್ಟು, ಹಂಚುವ ಧಾನ್ಯ ಎಷ್ಟು ಅಂತ ಅಂಕಿ ಸಮೇತ ಬರೆದ. ಆ ಪತ್ರಕರ್ತನಿಗೆ ಎಣಿಸಲು ಬರುತ್ತಿತ್ತು. ಕಾದಂಬರಿ ಬರೆಯುವಾಗ ಆ ಕಣ್ಣು ಎಲ್ಲಿ ಹೋಯಿತು?

ಕಾದಂಬರಿಯ ಶುರುವಿನಲ್ಲೇ ಒಂದು ಸಣ್ಣ ಸನ್ನಿವೇಶ ಇದೆ. ಪ್ಯಾರಿಸ್ಸಿನ ದೊಡ್ಡ ಪತ್ರಿಕೆಯಿಂದ ರಾಂಬೇರ್ ಅನ್ನುವ ವರದಿಗಾರ ಬರುತ್ತಾನೆ. ಅರಬರು ಹೇಗೆ ಬದುಕುತ್ತಿದ್ದಾರೆ, ಅವರ ಆರೋಗ್ಯ ಹೇಗಿದೆ ಅಂತ ರಿಯೋನನ್ನು ಕೇಳುತ್ತಾನೆ. ಚೆನ್ನಾಗಿಲ್ಲ ಅನ್ನುತ್ತಾನೆ ರಿಯೋ. ನೀವು ಪೂರ್ತಿ ನಿಜ ಬರೆಯಲು ಸಾಧ್ಯವೇ ಅಂತ ತಿರುಗಿ ಕೇಳುತ್ತಾನೆ. ಪೂರ್ತಿ ಅಂದರೆ ಆಗಲಿಕ್ಕಿಲ್ಲ ಅನ್ನುತ್ತಾನೆ ರಾಂಬೇರ್. ಹಾಗಾದರೆ ನನ್ನಿಂದ ಮಾಹಿತಿ ಸಿಗುವುದಿಲ್ಲ ಅನ್ನುತ್ತಾನೆ ಡಾಕ್ಟರು. ಹೊರಡುವ ಮುಂಚೆ, ಊರಿನಲ್ಲಿ ಈಗ ಇಲಿಗಳು ಸಾಯುತ್ತಿವೆ, ಅದರ ಬಗ್ಗೆ ಬೇಕಾದರೆ ಬರೆಯಿರಿ ಅನ್ನುತ್ತಾನೆ. ಅಲ್ಲಿಗೆ ಅರಬರ ವಿಷಯ ಮುಗಿಯಿತು. ಮುಂದೆ ಇಲಿಗಳ ಕಥೆ. ಇನ್ನೊಂದು ಕಡೆ, ತಂಬಾಕು ಅಂಗಡಿಯಲ್ಲಿ, ಅಲ್ಜಿಯರ್ಸ್‌ನ ಸಮುದ್ರ ದಂಡೆಯಲ್ಲಿ ಯಾರೋ ಒಬ್ಬ ಗುಮಾಸ್ತ ಅರಬನೊಬ್ಬನನ್ನು ಕೊಂದ ಸುದ್ದಿ ಮಾತಿನ ನಡುವೆ ಬಂದುಹೋಗುತ್ತದೆ. ಅದು ಕಮೂನದೇ ಹಿಂದಿನ ಕಾದಂಬರಿ 'ದಿ ಸ್ಟ್ರೇಂಜರ್' ಕಥೆ. ಆ ಸತ್ತವನಿಗೆ ಅಲ್ಲೂ ಹೆಸರಿಲ್ಲ, ಇಲ್ಲೂ ಹೆಸರಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ 'ಸಂಸ್ಕಾರ' ನೆನಪಾಗದೆ ಇರುವುದಿಲ್ಲ. ಅನಂತಮೂರ್ತಿಯವರ 1965ರ ಆ ಕಾದಂಬರಿಯಲ್ಲೂ ಪ್ಲೇಗ್ ಇದೆ, ಬೀಳುವ ಇಲಿಗಳಿವೆ, ಮನೆಗಳ ಮೇಲೆ ಬಂದು ಕೂರುವ ಹದ್ದುಗಳಿವೆ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಅಂತ ಅಗ್ರಹಾರ ತಲೆಕೆಡಿಸಿಕೊಂಡು ಕೂತಿರುವಾಗ, ಊರಾಚೆಯ ದಲಿತರ ಗುಡಿಸಲಲ್ಲಿ ಬೆಳ್ಳಿ ಅನ್ನುವ ಹುಡುಗಿಯ ತಂದೆ ತಾಯಿ ಸತ್ತುಹೋಗುತ್ತಾರೆ. ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಡುತ್ತಾರೆ. ಅಗ್ರಹಾರ ಅದನ್ನು ಸಾವು ಅಂತ ಎಣಿಸುವುದೇ ಇಲ್ಲ. ಆದರೆ ಅಗ್ರಹಾರ ಎಣಿಸಲಿಲ್ಲ ಅನ್ನುವುದನ್ನು ಕಾದಂಬರಿ ಎಣಿಸುತ್ತದೆ. ಬೆಂಕಿ ನಮಗೆ ಕಾಣುತ್ತದೆ. 'ದಿ ಪ್ಲೇಗ್'ನಲ್ಲಿ ಅಂಥ ಒಂದು ಬೆಂಕಿ ಕಂಡಿದ್ದರೂ ಸಾಕಿತ್ತು ಅನ್ನಿಸುತ್ತದೆ ನನಗೆ. 1941, 42ರಲ್ಲಿ ಅಲ್ಜೀರಿಯಾದಲ್ಲಿ ಟೈಫಸ್ ಜ್ವರ ಹರಡಿತ್ತು, ಕಮೂ ಆಗ ಓರಾನ್‌ನಲ್ಲೇ ಇದ್ದ. ಹೇನಿನಿಂದ ಹರಡುವ ಆ ಜ್ವರಕ್ಕೆ ಮೊದಲು ಸಿಕ್ಕುವವರು ಬಡವರು. ಅವನ ಕಾದಂಬರಿಯ ಹಿಂದೆ ಆ ಜ್ವರವೂ ಇದೆ, ಆ ಬಡವರು ಇಲ್ಲ.

2013ರಲ್ಲಿ ಓರಾನ್‌ನ ಪತ್ರಕರ್ತ ಕಮೆಲ್ ದಾವೂದ್ 'ದಿ ಸ್ಟ್ರೇಂಜರ್'ಗೆ ಉತ್ತರವಾಗಿ ಒಂದು ಕಾದಂಬರಿ ಬರೆದ. ಸಮುದ್ರ ದಂಡೆಯಲ್ಲಿ ಸತ್ತವನ ತಮ್ಮ ಓರಾನ್‌ನ ಒಂದು ಬಾರಿನಲ್ಲಿ ಕೂತು, ನನ್ನ ಅಣ್ಣನಿಗೆ ಮೂಸಾ ಅಂತ ಹೆಸರಿತ್ತು, ಅವನಿಗೊಬ್ಬಳು ತಾಯಿ ಇದ್ದಳು ಅಂತ ಹೇಳುತ್ತಾ ಹೋಗುತ್ತಾನೆ. ದಾವೂದ್ ಅದನ್ನು ಬರೆದದ್ದು ಕಮೂನನ್ನು ಆಳವಾಗಿ ಓದಿ, ಅವನದೇ ದಾರಿಯಲ್ಲಿ ನಡೆದು. ಮುಚ್ಚಿದ ಓರಾನ್‌ಗೂ ಅಂಥ ಒಂದು ಪುಸ್ತಕ ಬೇಕು. ಬಾಗಿಲು ಹಾಕಿದ ದಿನ ಅರಬರ ಕೇರಿಯಲ್ಲಿ ಏನಾಯಿತು? ಅಲ್ಲಿಗೆ ಯಾವ ಡಾಕ್ಟರು ಹೋದರು? ಅಲ್ಲಿಯ ಜನ ಹೆಣ ಬಚ್ಚಿಟ್ಟರೇ, ಬಿಟ್ಟುಕೊಟ್ಟರೇ? ಗ್ರಾಂಡ್ ಆ 130ನ್ನು ಬರೆದಾಗ ಅದರಲ್ಲಿ ಅವರೂ ಇದ್ದರೇ? ಈ ಪ್ರಶ್ನೆಗಳನ್ನು ಹಿಡಿದು ಯಾರಾದರೂ ಓರಾನ್‌ನವರೇ ಬರೆಯಲಿ. ನಾನು ಓದುತ್ತೇನೆ, ಚಿಕ್ಕಮ್ಮನಿಗೂ ಅದರ ಕಥೆ ಹೇಳುತ್ತೇನೆ.